ಹೊರಗಿನ ಚಿಲಕ

ಸಿಗ್ನೆ ತಾನು ಕಟ್ಟಿದ ಮೀನುಮನೆಯ ಚಿಲಕವನ್ನು ಬಾಗಿಲಿನ ಹೊರಗಡೆಗೆ ಹಾಕುತ್ತಿದ್ದಳು.

ಮೈದುನ ಡೆಲ್ಮರ್ ಅಂಗಳದಲ್ಲಿ ನಿಂತು ನೋಡಿದ. "ಅತ್ತಿಗೇ, ಒಳಗೆ ಮಲಗೋರು ನಾವು. ಚಿಲಕ ಹೊರಗ್ಯಾಕೆ?"

"ಎಳ್ಕೊಂಡು ಹೋಗುವಾಗ ಬಾಗಿಲು ಬಡ್ಕೊಳ್ಳುತ್ತೆ. ಒಳಗೆ ಮಕ್ಕಳಿರ್ತಾರೆ," ಎಂದಳು ಸಿಗ್ನೆ, ತಿರುಗಿ ನೋಡದೆ.

ಇಂಥ ಮೀನುಮನೆಯನ್ನು ಮಿನೆಸೋಟದ ನಮ್ಮ ಕೆರೆ ದಂಡೆಯಲ್ಲಿ ಯಾರೂ ಕಟ್ಟಿದ್ದಿಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ ಎಳೆದೊಯ್ದು, ನೆಲದ ತೂತಿನಿಂದ ಗಾಳ ಬಿಟ್ಟು ಕೂರಲು ಒಬ್ಬಿಬ್ಬರು ಹಿಡಿಸುವ ಗೂಡು ಸಾಕು ನಮಗೆ. ಇವಳದು ಇಡೀ ಸಂಸಾರವೇ ರಾತ್ರಿ ಉಳಿಯುವಂಥದ್ದು. ಆರು ಮಂಚ, ಸೌದೆ ಒಲೆ, ಪ್ರತಿ ಮಂಚದ ಪಕ್ಕದಲ್ಲೊಂದು ಮುಚ್ಚಳವಿರುವ ತೂತು. ಗಂಡ ಸತ್ತು ವರ್ಷ ತುಂಬಿಲ್ಲ, ಇವಳಿಗೇನು ಬಂತು ಕೇಡುಗಾಲ ಅಂತ ಊರವರು ಆಡಿಕೊಂಡರು. ಆಡಿಕೊಳ್ಳಲಿ, ಅವರಿಗೇನು ಗೊತ್ತು. ಅವಳು ಆ ಮನೆ ಕಟ್ಟಿದ್ದು ಮೀನಿಗಲ್ಲ, ಸೇಡಿಗೆ.

ಹೋದ ಚಳಿಗಾಲದ ಹಿಮಗಾಳಿಯಲ್ಲಿ ಅವಳ ಗಂಡ ಆರ್ನೆ ಟ್ರಕ್ಕಿನ ಸಮೇತ ಕೆರೆ ಕಿರಿದಾಗುವ ಇಕ್ಕಟ್ಟಿನಲ್ಲಿ ಮುಳುಗಿದ. ಅಲ್ಲಿ ಕೆಳಗೆ ನೀರು ಹರಿಯುತ್ತಲೇ ಇರುತ್ತದೆ, ಮಂಜುಗಡ್ಡೆ ದಪ್ಪವಾಗುವುದೇ ಇಲ್ಲ. ಯಾರೂ ಆ ಕಡೆ ತಪ್ಪಿ ಹೋಗಬಾರದೆಂದೇ ಕ್ರಿಸ್‌ಮಸ್ ಕಳೆದ ಮೇಲೆ ದಂಡೆಯ ರೆಸಾರ್ಟಿನವರು ಮನೆಮನೆಯ ಕ್ರಿಸ್‌ಮಸ್ ಮರಗಳನ್ನು ತಂದು ಕೆರೆಯ ಮೇಲೆ ದಾರಿಯುದ್ದಕ್ಕೂ ಸಾಲಾಗಿ ನೆಡುತ್ತಾರೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತಿದ್ದರೆ ಕಣ್ಣು ಕಾಣದ ಹಿಮದಲ್ಲೂ ಮನೆ ಸೇರಬಹುದು. ಮರುದಿನ ಹುಡುಕಲು ಹೋದವರಿಗೆ ಸಾಲು ನೆಟ್ಟಗೇ ಇತ್ತು, ಆರ್ನೆಯ ಟ್ರಕ್ಕು ಅದರಿಂದ ಎಲ್ಲೋ ದೂರದಲ್ಲಿ. ಕುಡಿದಿದ್ದ, ಸಾಲು ಬಿಟ್ಟು ಹೋದ ಎಂದರು. ಅವನ ಹೆತ್ತ ತಾಯಿ ಹಿಲ್ಮಾ ಕೂಡ ಶವಸಂಸ್ಕಾರದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಬಟ್ಟಲು ಹಿಡಿದುಕೊಂಡು ಅದನ್ನೇ ಹೇಳಿದಳು.

ಅವತ್ತು ಅವಳನ್ನು ಚರ್ಚಿಗೆ ಕರೆದೊಯ್ದವನು ಡೆಲ್ಮರ್. ಹೂವಿನ ಬುಟ್ಟಿ ಇಡಲು ಟ್ರಕ್ಕಿನ ಹಿಂಬದಿ ತೆರೆದರೆ ಅಲ್ಲೆಲ್ಲ ಕ್ರಿಸ್‌ಮಸ್ ಮರದ ಒಣ ಸೂಜಿಯೆಲೆ. ಅವನು ಓಡಿಬಂದು ಕೈಯಿಂದಲೇ ಬಳಿದು ಹಾಕಿದ. ಬೇಸಿಗೆ ಬಂದದ್ದೇ ಹಲಗೆ ಕೊಯ್ಯಲು ಶುರುಮಾಡಿದಳು.

ಮತ್ತೆ ಕೆರೆ ಗಟ್ಟಿಯಾಯಿತು. ಸಿಗ್ನೆ ದಿನಾ ಬೆಳಿಗ್ಗೆ ಒಬ್ಬಳೇ ಹೋಗಿ ಮಂಜುಗಡ್ಡೆಗೆ ಬೈರಿಗೆ ಹಾಕಿ ತೂತು ಕೊರೆದು ದಪ್ಪ ಅಳೆಯುತ್ತಿದ್ದಳು. ಇಕ್ಕಟ್ಟಿನ ಹತ್ತಿರದವರೆಗೂ ಹೋಗಿಬಂದದ್ದನ್ನು ಜನ ನೋಡಿದರು. ಆಮೇಲೆ, ಕಟ್ಟುವಾಗಲೇ ಹೇಳಿದ್ದಂತೆ, ಡೆಲ್ಮರ್‌ನ ಮನೆಗೆ ಹೋಗಿ ಕರೆದಳು. ಅವನು, ಹೆಂಡತಿ ಜೋಲೀನ್, ಇಬ್ಬರು ಮಕ್ಕಳು, ಅತ್ತೆ ಹಿಲ್ಮಾ, ಎಲ್ಲರೂ ಬರಬೇಕು, ಒಬ್ಬರು ತಪ್ಪಿದರೂ ತಾನು ಹೊರಡುವುದಿಲ್ಲ ಎಂದಳು.

"ಅಂತೂ ಮನಸ್ಸು ಹಗುರ ಮಾಡ್ಕೊಂಡ್ಯಲ್ಲ ಅತ್ತಿಗೆ," ಎಂದ ಡೆಲ್ಮರ್.

"ಇನ್ನೂ ಇಲ್ಲ. ಆಗುತ್ತೆ."

ಬಿಸಿಲಿದ್ದ ದಿನಗಳಲ್ಲಿ ಏನೇನೋ ನೆಪ ಹೇಳಿ ಮುಂದೂಡಿದಳು. ಕೆರೆಯ ಮೇಲೆ ಮಂಜು ಕವಿದ ಮಧ್ಯಾಹ್ನ ತಾನೇ ಅವಸರ ಮಾಡಿ ಹೊರಡಿಸಿದಳು. ಜೋಲೀನಳೂ ಮಕ್ಕಳೂ ಮೀನುಮನೆಯೊಳಗೆ ಒಲೆಯ ಹತ್ತಿರ ಕೂತರು. ಸಿಗ್ನೆ ಹೊರಗಿನಿಂದ ಚಿಲಕ ಹಾಕಿದಳು. ಅದನ್ನು ಎಳೆಯುವ ಟ್ರಕ್ಕಿನಲ್ಲಿ ಸ್ಟೀರಿಂಗಿಗೆ ಅವಳು, ನಡುವೆ ಅತ್ತೆ, ಆಚೆ ಬಾಗಿಲಿಗೆ ಡೆಲ್ಮರ್. ಅತ್ತೆಯ ತೊಡೆಯ ಮೇಲೆ ಆಲೂಗಡ್ಡೆ ರೊಟ್ಟಿಯ ಡಬ್ಬಿ.

ಮಂಜಿನೊಳಗೆ ಒಂದು ಮರ ಕಂಡಿತು. ಅದು ಹಿಂದಾಗುವಷ್ಟರಲ್ಲಿ ಇನ್ನೊಂದು.

"ನಿನ್ನೆ ನಾನೇ ಬಂದು ಮರಗಳನ್ನ ಸರಿ ಮಾಡಿ ಹೋದೆ," ಎಂದಳು ಸಿಗ್ನೆ.

"ಒಳ್ಳೇದಾಯ್ತು ಬಿಡು," ಎಂದು ಅತ್ತೆ ಒಂದು ರೊಟ್ಟಿ ತೆಗೆದು ಬೆಣ್ಣೆ ಸವರತೊಡಗಿದಳು.

ಡೆಲ್ಮರ್ ಅವಳ ಕಡೆ ತಿರುಗಿದ. "ನೀನ್ಯಾಕೆ ಮಾಡ್ದೆ? ರೆಸಾರ್ಟಿನವರು ನೋಡ್ಕೊಳ್ಳಲ್ವಾ?"

ಅವನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ. ಹಿಂದೆ ನೋಡಿದ, ಮುಂದೆ ನೋಡಿದ. ಬಿಳಿ ಬಿಟ್ಟರೆ ಏನಿಲ್ಲ.

"ಎಡಕ್ಕೆ ತಿರುಗ್ತಿದೀವಿ ಅನ್ಸುತ್ತೆ, ಅತ್ತಿಗೆ."

"ಮರ ಇರೋ ಕಡೆ ಹೋಗ್ತಿದೀವಿ."

ಕೆಳಗೆ ಮಂಜುಗಡ್ಡೆ ಗುಡುಗಿತು. ನಾವು ದಿನಾ ಕೇಳುವ ಸದ್ದೇ. ಅತ್ತೆ ರೊಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಡೆಲ್ಮರ್ ಮಾತ್ರ ಅವಳ ಮೇಲೆ ಬಿದ್ದು ಸ್ಟೀರಿಂಗಿಗೆ ಕೈ ಹಾಕಿದ.

"ನಿಲ್ಸು! ಅಮ್ಮ, ಇವಳು ಮರ ಕಿತ್ತು ಬೇರೆ ಕಡೆ ನೆಟ್ಟಿದಾಳೆ, ಇಕ್ಕಟ್ಟಿಗೆ ಕರ್ಕೊಂಡು ಹೋಗ್ತಿದಾಳೆ! ಹಿಂದೆ ನನ್ನ ಮಕ್ಕಳಿದಾವೆ, ಬಾಗಿಲು ಹಾಕಿದೆ!"

ಸಿಗ್ನೆ ಬ್ರೇಕ್ ಒತ್ತಿದಳು. ಹಿಲ್ಮಾ ಮಗನನ್ನೇ ನೋಡಿದಳು.

"ಮರ ಕೀಳೋದಾ? ಅಂಥದ್ದನ್ನ ಯಾರು ಮಾಡ್ತಾರೋ? ಈ ಕೆರೇಲಿ ಹುಟ್ಟಿ ಬೆಳೆದೋಳು ನಾನು, ಒಂದಿನ ಕೇಳಿಲ್ಲ. ನಿಂಗೆ ಹೇಗೆ ಹೊಳೀತು?"

ಅವನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತೇನೋ. ಆದರೆ ಹಿಂದಿನಿಂದ ಮಕ್ಕಳು ನಗುವುದು ಕೇಳಿಸುತ್ತಿತ್ತು, ಎಲ್ಲ ತಾನಾಗಿ ಹೊರಬಂತು. ಹೋದ ಚಳಿಗಾಲ ಅವನಿಗೊಂದು ಒಳ್ಳೆಯ ಮೀನಿನ ಜಾಗ ಸಿಕ್ಕಿತ್ತು. ದಾರಿ ಅದರ ಪಕ್ಕದಲ್ಲೇ ಹೋಗುತ್ತಿತ್ತು. ಕಂಡವರೆಲ್ಲ ಬಂದು ಅಲ್ಲೇ ಗಾಳ ಬಿಟ್ಟಾರೆಂಬ ಹೊಟ್ಟೆಯುರಿ.

"ನಾಲ್ಕೇ ನಾಲ್ಕು ಮರ ಅಮ್ಮ. ಇಕ್ಕಟ್ಟಿನ ಕಡೆಯಿಂದ ಒಂದಿಷ್ಟು ಸುತ್ಕೊಂಡು ಹೋಗ್ಲಿ ಅಂತ ಸರಿಸಿದ್ದೆ. ಅವತ್ತೇ ಹಿಮಗಾಳಿ ಬರುತ್ತೆ ಅಂತ ನಂಗೇನು ಗೊತ್ತು? ಬೆಳಕು ಹರಿಯೋ ಮುಂಚೆ ವಾಪಸ್ ತಂದು ನೆಟ್ಟೆ."

"ಆರ್ನೆ ಕುಡಿದಿರಲಿಲ್ಲ," ಎಂದಳು ಹಿಲ್ಮಾ. ಯಾರಿಗೆ ಹೇಳಿದಳೋ. ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಮಗನ ಕಡೆ ನೋಡದೆ, "ಇಳಿ," ಎಂದಳು.

"ಈ ಮಂಜಲ್ಲಿ ಎಲ್ಲಿಗೆ ಹೋಗ್ಲಿ ಅಮ್ಮ? ದಾರಿ ಯಾವುದು ಅಂತ ನಂಬ್ಲಿ?"

ಸಿಗ್ನೆ ಅತ್ತೆಯ ಮುಂದಿನಿಂದ ಕೈ ಚಾಚಿ ಅವನ ಕಡೆಯ ಬಾಗಿಲು ತೆರೆದಳು.

"ಮರ ನೋಡ್ಕೊಂಡು ನಡಿ, ಡೆಲ್ಮರ್. ರೆಸಾರ್ಟಿನವರು ನೆಟ್ಟಲ್ಲೇ ಇವೆ. ನಾನು ಒಂದನ್ನೂ ಮುಟ್ಟಿಲ್ಲ."