ಇನ್ನೊಂದಿಷ್ಟು ಚುಕ್ಕಿ

“ಇದು ಆಕಾಶವೋ, ಬೋಳುತಲೆಯೋ?”

ನಾಟಕದ ಹಾಲಿನ ಕಟ್ಟಕಡೆಯ ಸಾಲಿನಿಂದ ಅತ್ತೆಯ ದನಿ ಬಂದು ಬೆನ್ನಿಗೆ ಬಡಿದಾಗ ಅಳಿಯ ಏಣಿಯ ಮೇಲಿದ್ದ. ಎದುರಿಗೆ ರಂಗದ ಹಿಂಬದಿಯ ಕಪ್ಪು ಪರದೆ. ಅದರ ಮೇಲೆ ಬೆಳಗ್ಗೆಯಿಂದ ಅವನು ಒಂದೊಂದಾಗಿ ಇಟ್ಟ ಬಿಳಿ ಚುಕ್ಕಿಗಳು. ಸಂಜೆಗೆ ಹೊಸ ನಾಟಕದ ಮೊದಲ ಪ್ರದರ್ಶನ. ಕಂಪನಿಯ ಒಡತಿ ಅತ್ತೆ, ನಾಯಕಿಯೂ ಅತ್ತೆಯೇ. ಅರವತ್ತು ದಾಟಿದ್ದರೂ, ಕಡಲಿಗೆ ಹೋದ ಗಂಡನ ದಾರಿ ಕಾಯುವ ಹೊಸ ಮದುಮಗಳ ಪಾತ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಜಾಯಮಾನ ಅವರದಲ್ಲ.

“ನನ್ನ ಮಾತೇನು? ‘ಲೆಕ್ಕವಿಲ್ಲದ ತಾರೆಗಳೇ, ನೀವಾದರೂ ಹೇಳಿ, ಅವರೆಲ್ಲಿ?’ ಅಂತ. ನೀವು ಹಾಕಿರೋದನ್ನ ಮೊದಲನೇ ಸಾಲಿನವರು ಕೂತಲ್ಲೇ ಎಣಿಸಿ ಮುಗಿಸ್ತಾರೆ. ಇನ್ನೊಂದಿಷ್ಟು ಚುಕ್ಕಿ ಹಾಕಿ ಅಳಿಯಂದಿರೇ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ದೊಡ್ಡಳಿಯಂದಿರಿಗೆ ಫೋನ್ ಮಾಡ್ತೀನಿ.”

ದೊಡ್ಡಳಿಯನಿಗೆ ಫ್ಲೆಕ್ಸ್ ಅಂಗಡಿಯಿತ್ತು. ಬೆಟ್ಟ ಬೇಕೆಂದರೆ ಬೆಟ್ಟ, ಅರಮನೆ ಬೇಕೆಂದರೆ ಅರಮನೆ, ಎಲ್ಲವನ್ನೂ ಅಲ್ಲಿನ ಯಂತ್ರ ಕೂತ ಜಾಗದಲ್ಲೇ ಉಗುಳುತ್ತಿತ್ತು. ಈ ಪರದೆಯಲ್ಲಿ ಎಡವಟ್ಟಾದರೆ ಮುಂದಿನ ನಾಟಕದ ಪರದೆಗಳೆಲ್ಲ ಆ ಷಡ್ಡಕನ ಅಂಗಡಿಯಿಂದಲೇ ಎಂದು ಅತ್ತೆ ತೀರ್ಪು ಕೊಟ್ಟಾಗಿತ್ತು. ಅಳಿಯನಿಗೋ ಬ್ರಷ್ ಹಿಡಿಯುವುದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಹೀಗಾಗಿ ಹೇಳಿದ ಕಡೆಗೆಲ್ಲ ಚುಕ್ಕಿ ಇಟ್ಟ.

“ಎಡಗಡೆ ಖಾಲಿ.”

ಎಡಗಡೆ ಇಟ್ಟ.

“ಆ ಎರಡರ ನಡುವೆ?”

“ಅಲ್ಲಿರೋವು ತುಂಬಾ ದೂರದವು ಅತ್ತೆ.”

“ದೂರದವು ಅಂತ ಬಿಟ್ಟುಬಿಡೋದಾ? ನಿಮ್ಮ ಮದುವೆಗೆ ಬಸ್ಸು ಮಾಡ್ಕೊಂಡು ಬಂದಿದ್ರಲ್ಲ ನಿಮ್ಮ ಕಡೆಯವರು, ಅವರೆಲ್ಲ ಏನು ಹತ್ತಿರದವರಾ?”

ಅಳಿಯ ದೂರದವನ್ನೂ ಕರೆದು ಕೂರಿಸಿದ. ಅವುಗಳ ಸಂದಿಯಲ್ಲಿ ಇನ್ನೂ ದೂರದವು, ಆ ಸಂದಿಯ ಸಂದಿಯಲ್ಲಿ ಮತ್ತಷ್ಟು. ಮಧ್ಯಾಹ್ನದ ಹೊತ್ತಿಗೆ ಪರದೆ ಒಗೆದು ಹರವಿದ ಪಂಚೆಯ ಹಾಗೆ ಬೆಳ್ಳಗಾಗಿತ್ತು. ಅತ್ತೆ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ರಾತ್ರಿ ಎಲ್ಲಿ ಹೋಯ್ತು?”

‘ನೀವು ಅಟ್ಟಿದ ಕಡೆಗೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. “ಲೆಕ್ಕವಿಲ್ಲದಷ್ಟು ಹಾಕಿದ್ರೆ ಹೀಗೇ ಆಗೋದು ಅತ್ತೆ. ಎಲ್ಲಿ ನೋಡಿದ್ರೂ ಒಂದು ಚುಕ್ಕಿ. ಕಪ್ಪಿಗೆ ಜಾಗ ಎಲ್ಲಿ ಉಳಿಯುತ್ತೆ?”

“ಮೇಲೆ ಆಕಾಶದಲ್ಲಿ ಉಳಿದಿಲ್ವಾ? ಅಲ್ಲೇನು ಚುಕ್ಕಿಗೆ ಬರವಾ?”

ಅಳಿಯ ತಲೆ ಕೆರೆದುಕೊಂಡ. ಜೀವಮಾನವಿಡೀ ರಾತ್ರಿಗಳನ್ನು ಬಳಿದವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಲೆಕ್ಕವಿಲ್ಲದಷ್ಟು ನಕ್ಷತ್ರಗಳಿದ್ದರೆ ನಿಜವಾದ ಆಕಾಶವೂ ಹೀಗೇ ಬೆಳ್ಳಗಿರಬೇಕಲ್ಲ? ಆದರೆ ಕೂತು ಯೋಚಿಸಲು ಪುರುಸೊತ್ತೆಲ್ಲಿ? ಇದ್ದಬದ್ದ ಕಪ್ಪನ್ನೆಲ್ಲ ತಂದು ಮೇಲಿನಿಂದ ಕೆಳಗಿನವರೆಗೆ ಬಳಿದ. ಬಳಿದ ಮೇಲೆ ನೋಡಿದರೆ ಬಿಳಿ ಬಣ್ಣದ ಡಬ್ಬಗಳು ಒಂದೂ ಬಿಡದೆ ಬರಿದಾಗಿದ್ದವು. ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ತಳ ಕೆರೆದು ಸಿಕ್ಕಿದ್ದನ್ನು ಇಟ್ಟ. ಹಸಿ ಕಪ್ಪಿನ ಮೇಲೆ ಅದು ಬೂದಿ ಕಲೆಯಾಯಿತು. ಅದನ್ನೂ ಅಳಿಸಿದ. ಅತ್ತೆ ಮೇಕಪ್ ಕೋಣೆಯ ಬಾಗಿಲು ಹಾಕಿಕೊಂಡು ವಯಸ್ಸು ಇಳಿಸಿಕೊಳ್ಳುತ್ತಿದ್ದರು. ಬಾಗಿಲು ಬಡಿದು ಸುದ್ದಿ ಮುಟ್ಟಿಸುವ ಗಂಡೆದೆ ಅವನಿಗಿರಲಿಲ್ಲ.

ಸಂಜೆ ನಾಟಕದ ಹಾಲು ತುಂಬಿತು. ಆ ದೃಶ್ಯವೂ ಬಂದೇ ಬಂತು. “ಲೆಕ್ಕವಿಲ್ಲದ ತಾರೆಗಳೇ!” ಎಂದು ಅತ್ತೆ ತೋಳೆತ್ತಿ ಪರದೆಯ ಕಡೆ ತಿರುಗಿದರು. ಒಂದೂ ಇರಲಿಲ್ಲ. ಎತ್ತಿದ ತೋಳು ಎತ್ತಿದ ಹಾಗೆಯೇ ನಿಂತುಬಿಟ್ಟಿತು. ಜನರ ನಡುವೆ ಯಾರೋ ಕಿಸಕ್ಕೆಂದ. ರಂಗದ ಪಕ್ಕದ ಮರೆಯಲ್ಲಿದ್ದ ಅಳಿಯ ಕಣ್ಣು ಮುಚ್ಚಿಕೊಂಡ. ತನ್ನ ಕಥೆ ಮುಗಿಯಿತು ಎಂದುಕೊಂಡ.

ಅವನ ಪಕ್ಕದಲ್ಲೇ ನಿಂತು, ಮರೆತ ಮಾತನ್ನು ಅಮ್ಮನಿಗೆ ಎತ್ತಿಕೊಡುತ್ತಿದ್ದವಳು ಅವನ ಹೆಂಡತಿ. ಹಗಲು ಹೊತ್ತು ಶಾಲೆಯಲ್ಲಿ ವಿಜ್ಞಾನದ ಟೀಚರ್. ನಾಟಕದ ಪ್ರತಿಯಲ್ಲಿ ಇಂಥ ಪರಿಸ್ಥಿತಿಗೆ ಮಾತೇ ಇರಲಿಲ್ಲ. ಆಕಾಶ ಯಾಕೆ ಕಪ್ಪು ಎಂದು ಕೇಳುವ ಮಕ್ಕಳಿಗೆ ಹೇಳುವುದನ್ನೇ ಅವಳು ಗಾಬರಿಯಲ್ಲಿ ಪಿಸುಗುಟ್ಟಿದಳು.

“ಇವೆ ಅಮ್ಮಾ, ಇವೆ! ತುಂಬಾ ದೂರ. ಬೆಳಕು ಹೊರಟಿದೆ, ಇನ್ನೂ ಬಂದು ಮುಟ್ಟಿಲ್ಲ! ಬಂದು ಮುಟ್ಟೋಕೆ ಜಗತ್ತಿಗೇ ಅಷ್ಟು ವಯಸ್ಸಾಗಿಲ್ಲ!”

ಅತ್ತೆ ತೋಳನ್ನು ನಿಧಾನವಾಗಿ ಇಳಿಸಿ ಎದೆಯ ಮೇಲೆ ಇಟ್ಟುಕೊಂಡರು.

“ಇದ್ದೀರಿ. ನನಗೆ ಗೊತ್ತು,” ಎಂದರು ಆ ಕಪ್ಪಿಗೆ. “ಹೊರಟಿದ್ದೀರಿ. ನನ್ನ ತನಕ ಬಂದು ಮುಟ್ಟಿಲ್ಲ, ಅಷ್ಟೇ. ಈ ಜಗತ್ತಿಗೆ ಇನ್ನೂ ಎಳೆಯ ವಯಸ್ಸು. ನನಗೂ. ಕಾಯುತ್ತೇನೆ.”

ಕಿಸಕ್ಕೆಂದವನೇ ಮೂಗು ಸೀಟಿಕೊಂಡ. ಆಮೇಲೆ ಬಿದ್ದ ಚಪ್ಪಾಳೆಗೆ ಹಾಲಿನ ತಗಡಿನ ಸೂರು ಅದುರಿತು. ಅಳಿಯನಿಗೂ ಅಳು ಬಂತು, ಅರ್ಧ ಆ ಮಾತಿಗೆ, ಅರ್ಧ ಬದುಕಿಕೊಂಡೆನಲ್ಲ ಎಂಬ ಖುಷಿಗೆ.

ದೃಶ್ಯ ಮುಗಿಸಿ ಒಳಗೆ ಬಂದ ಅತ್ತೆ ಸೀದಾ ಅವನ ಮುಂದೆ ನಿಂತರು. ಕಣ್ಣಿನ ಕಾಡಿಗೆ ಕರಗಿ ಕೆನ್ನೆಗಿಳಿದಿತ್ತು.

“ಮುಂದಿನ ನಾಟಕಕ್ಕೂ ಪರದೆ ನಿಮ್ಮದೇ. ಆದ್ರೆ ಈ ಆಕಾಶ ಮಾತ್ರ ಹೀಗೇ ಇರಲಿ ಅಳಿಯಂದಿರೇ. ಒಂದೇ ಒಂದು ಚುಕ್ಕಿ ಇಟ್ಟು ನೋಡಿ, ಆಮೇಲೆ ಇದೆ ನಿಮಗೆ.”