ಒಳಗೆ ಯಾರೂ ಇಲ್ಲ

“ನೇರ ಕೆಳಗಿದೆ. ತೊಂಬತ್ತು ಅಡಿ. ನೆಟ್ಟಗೆ ಕೂತಿದೆ,” ಎಂದು ದೋಣಿಯ ಕ್ಯಾಪ್ಟನ್ ಮೀನು ಹುಡುಕುವ ಪರದೆಯತ್ತ ಬೆರಳು ತೋರಿಸಿದ. ಗಾಳಿ ಏಳುತ್ತಿದೆ, ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾಗದು ಎಂದೂ ಹೇಳಿದ. ಗಾಳವಿಲ್ಲದೆ ತನ್ನ ದೋಣಿ ಹತ್ತಿದ ಮೊದಲ ಗಿರಾಕಿಗಳು ಈ ಅಪ್ಪ ಮಗಳೇ ಅಂತೆ.

ತಾರಾನಾಥರು ಕನ್ನಡಕ ಏರಿಸಿ ನೋಡಿದರು. ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಉದ್ದನೆಯ ಕಪ್ಪು ಬೆನ್ನು, ನಡುವೆ ಗೋಪುರ. ಎರಡನೇ ಮಹಾಯುದ್ಧದ ಕೊನೆಗೆ ಶರಣಾದ ಜರ್ಮನ್ ಸಬ್‌ಮರೀನ್. ಯಾರ ಕಿವಿಗೂ ಸಿಗದಿರಲೆಂದು ಮೈತುಂಬ ರಬ್ಬರು ಹೊದ್ದದ್ದು. ಅಮೆರಿಕದವರು ಅದನ್ನು ಇಲ್ಲಿಗೆ ತಂದು, ಪರೀಕ್ಷೆಗೆಂದು ಪಕ್ಕದಲ್ಲೇ ಮದ್ದು ಸಿಡಿಸಿದ್ದರು. ಇಪ್ಪತ್ತೇ ಸೆಕೆಂಡಿನಲ್ಲಿ ಮುಳುಗಿತಂತೆ.

“ಒಳಗೆ ಎಷ್ಟು ಜನ ಇದ್ರು ಅಪ್ಪ?” ಎಂದಳು ನಿಕಿತಾ. ಆಶ್‌ಬರ್ನ್‌ ಊರಿನ ತನ್ನ ಮನೆಯಿಂದ ಎರಡೂವರೆ ಗಂಟೆ ಡ್ರೈವ್ ಮಾಡಿ ತಂದೆಯನ್ನು ಕರೆತಂದವಳು ಅವಳೇ.

“ಒಬ್ಬನೂ ಇಲ್ಲ ಮಾರಾಯ್ತಿ. ಎಲ್ಲರೂ ಎಷ್ಟೋ ಮೊದಲೇ ಇಳಿದು ಹೋಗಿದ್ರು. ಬೋಟ್ ಒಂದೇ ಹೋದದ್ದು.”

ಆಮೇಲೆ ಅವರು ಮಗಳಿಗೆ ಇದುವರೆಗೆ ಹೇಳದಿದ್ದುದನ್ನು ಹೇಳಿದರು. ಅವರು ಹನ್ನೆರಡು ವರ್ಷ ದುಡಿದ ಸಬ್‌ಮರೀನನ್ನೂ, ಹಳತಾಯಿತೆಂದು, ನಮ್ಮ ದೇಶದ ನೌಕಾಪಡೆ ಹೀಗೇ ಕಡಲಿಗೆ ಒಯ್ದು ಮುಳುಗಿಸಿತ್ತು. ಆ ಬೋಟಿನವರಲ್ಲಿ ಒಂದು ರೂಢಿ. ಖಾಲಿ ಮಾಡುವಾಗ ಕೊನೆಗೆ ಹೊರಬಂದವನು ಮುಚ್ಚಳ ಬಿಗಿದು, ಅದರ ಮೇಲೆ ಮೂರು ಸಲ ತಟ್ಟಬೇಕು. ಒಳಗೆ ಯಾರೂ ಉಳಿದಿಲ್ಲ ಎಂದರ್ಥ. ಕೊನೆಯ ದಿನ ಕೊನೆಗೆ ಹೊರಬಂದವರು ತಾರಾನಾಥರೇ. ಕಣ್ಣು ತುಂಬಿ ಏಣಿಯೇ ಕಾಣುತ್ತಿರಲಿಲ್ಲ. ಮುಚ್ಚಳ ಬಿಗಿದವರು ತಟ್ಟುವುದನ್ನು ಮರೆತು ಬಂದುಬಿಟ್ಟಿದ್ದರು. ಎಂಟನೇ ದಿನ ಬೋಟು ಮುಳುಗಿತು. ಅಂದಿನಿಂದ ಕನಸಿನಲ್ಲಿ ಯಾರೋ ಒಳಗಿನಿಂದ ತಟ್ಟುತ್ತಲೇ ಇದ್ದಾರೆ.

“ಆದ್ರೆ ಇದು ಬೇರೆ ಬೋಟು ಅಲ್ವಾ ಅಪ್ಪ? ಅದಿರೋದು ಎಲ್ಲೋ, ನಾವಿರೋದು ಎಲ್ಲೋ.”

“ನೀರಿನಲ್ಲಿ ಶಬ್ದ ಎಲ್ಲಿವರೆಗೆ ಹೋಗ್ತದೆ ಗೊತ್ತುಂಟಾ ನಿನಗೆ? ಅದನ್ನು ಕೇಳಿಯೇ ಸಂಬಳ ತಗೊಂಡವ ನಾನು.”

ಅವರು ಮೆಲ್ಲಗೆ ಮಂಡಿಯೂರಿ, ಅಲ್ಯೂಮಿನಿಯಂ ದೋಣಿಯ ಅಂಚಿನಾಚೆ ಕೈ ಇಳಿಬಿಟ್ಟು, ಬೆರಳಿನ ಉಂಗುರದಿಂದ ಅದರ ಹೊರಮೈಗೆ ತಟ್ಟಿದರು. ಎಂಜಿನ್ನಿನ ಗದ್ದಲದಲ್ಲಿ ಅದು ಅವರಿಗೇ ಕೇಳಿಸಲಿಲ್ಲ. ಮತ್ತೆ ತಟ್ಟಿದರು. ಮಗಳತ್ತ ತಿರುಗಿ, ಕೇಳಿಸುತ್ತಿಲ್ಲ ಎಂಬಂತೆ ತಲೆಯಾಡಿಸಿದರು.

“ಏನಾಯಿತು ಅವರಿಗೆ?” ಎಂದು ಕ್ಯಾಪ್ಟನ್ ಕೇಳಿದ. ನಿಕಿತಾ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು.

ಕ್ಯಾಪ್ಟನ್ ಹರಿವಿಗೆ ಎದುರಾಗಿ ದೋಣಿಯನ್ನು ಹಿಡಿದು ನಿಲ್ಲಿಸಿದ್ದ ಎಂಜಿನ್ನನ್ನು ಆರಿಸಿದ. ಗದ್ದಲ ನಿಂತದ್ದೇ ನದಿ ಒಮ್ಮೆಲೇ ಇನ್ನಷ್ಟು ಅಗಲವಾದಂತಾಯಿತು. ತಾರಾನಾಥರು ಮತ್ತೆ ಕೈ ಇಳಿಬಿಟ್ಟರು.

ಟಣ್. ಟಣ್. ಟಣ್.

ದೋಣಿ ನೀರಿನೊಂದಿಗೆ ತೇಲತೊಡಗಿತು. ಪರದೆಯ ಮೇಲೆ ಮಾತ್ರ ಹೊರಟದ್ದು ಆ ಕಪ್ಪು ಬೆನ್ನು. ಬಂದರು ಬಿಟ್ಟ ಹಾಗೆ ನಿಧಾನವಾಗಿ ಅಂಚಿನವರೆಗೆ ಸರಿದು, ಗೋಪುರದ ಸಮೇತ ಕಾಣದಾಯಿತು.