ಪಡಸಾಲೆಯ ನಡುವಿನ ಗೆರೆ

ಸೆಂಟಿನ ರಬ್ಬರಿನ ಸಿಹಿ ವಾಸನೆ ಈಗಲೂ ಎಲ್ಲಾದರೂ ಬಂದರೆ ಬ್ಯಾಡಗಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ನಾನಾಗ ಐದನೆಯ ತರಗತಿ. ಅವರವರ ಮನೆ ಅಳೆದು ನಕ್ಷೆ ಬರೆದು ತರಬೇಕೆಂದು ಗಣಿತದ ಸರ್ ಹೇಳಿದ್ದರು. ಪಡಸಾಲೆಯಲ್ಲಿ ಬೋರಲು ಮಲಗಿ ಬರೆಯುತ್ತಿದ್ದಾಗ ಅಪ್ಪ, ಕಾಕಾ ಇಬ್ಬರೂ ಬಂದು ಪಕ್ಕದಲ್ಲಿ ಕುಳಿತರು. ಅವರು ಹಾಗೆ ಒಟ್ಟಿಗೆ ಕುಳಿತು ಬಹಳ ದಿನವಾಗಿತ್ತು. ನನಗೆ ಖುಷಿಯಾಯಿತು, ಅಥವಾ ಆಗಿತ್ತೆಂದು ಈಗ ಅಂದುಕೊಳ್ಳುತ್ತೇನೆ.

“ಪಡಸಾಲಿ ನಡುವ ಒಂದು ಗೆರಿ ಹೊಡಿ,” ಎಂದರು ಅಪ್ಪ. ಹೊಡೆದೆ.

“ಅಡಗಿಮನಿ ಪೂರಾ ನಿನ್ನ ಪಾಲಿಗೆ ಹೋತಲ್ಲ ಅಣ್ಣಾ,” ಎಂದರು ಕಾಕಾ. ನನ್ನ ಕಡೆ ತಿರುಗಿ, “ಅಳಸು, ಈ ಕಡೆ ಸರಸು,” ಎಂದರು.

ಅಳಿಸಿದೆ, ಎಳೆದೆ, ಮತ್ತೆ ಅಳಿಸಿದೆ. ಕಾಗದ ಅಲ್ಲಿ ತೆಳ್ಳಗಾಗಿ ನಾರು ಎದ್ದಿತು.

ಕಂಬಕ್ಕೆ ಒರಗಿದ್ದ ಅಜ್ಜಿ ಕೇಳಿದಳು: “ಯವ್ವಾ, ಇದರಾಗ ನನ್ನ ಹಾಸಗಿ ಎಲ್ಲಿ ಬರತೈತಿ?”

ನಾನು ಬೆರಳಿಟ್ಟು ತೋರಿಸಿದೆ. ಸರಿಯಾಗಿ ಗೆರೆಯ ಮೇಲೇ ಬರುತ್ತಿತ್ತು. ಅಪ್ಪನಾಗಲಿ ಕಾಕಾ ಆಗಲಿ ಅವಳ ಕಡೆ ನೋಡಲಿಲ್ಲ.

ಮರುದಿನ ಸರ್ ನಕ್ಷೆ ನೋಡಿ ಕೇಳಿದರು: “ಪಡಸಾಲ್ಯಾಗ ಇದೇನಿದು, ಗೋಡಿ ಏನು?”

“ಹೌದ್ರಿ ಸರ್,” ಎಂದೆ. “ಇನ್ನೂ ಕಟ್ಟಿಲ್ರಿ.”